ಪ್ರದರ್ಶನ ಮುಗಿದ ಮೇಲೆ ಯಾರ ಮನೆಗೆ?

ನಮ್ಮ ನಡುಮನೆಯಲ್ಲಿ ಒಂದು ಹಲ್ಲಿತ್ತು. ದವಡೆ ಹಲ್ಲು. ನನ್ನ ಎದೆಮಟ್ಟ ಬರುತ್ತಿತ್ತು, ಥರ್ಮೋಕೋಲಿನದು, ಕೆಳಗೆ ಎರಡು ಬೇರು ಬೇರೆ. ಹಲ್ಲುಪುಡಿ ಕಂಪನಿಯವರು ಮೂರು ದಿನದ ಪ್ರದರ್ಶನಕ್ಕೆಂದು ನಮ್ಮನೆಯವರ ಕೈಯಲ್ಲಿ ಮಾಡಿಸಿದ್ದರು. ಜನ ಅದರ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ಆಮೇಲೆ ಕಂಪನಿಯವರು ವ್ಯಾನು ಹತ್ತಿ ಹೋದರು, ಹಲ್ಲು ನಮ್ಮ ಮನೆಗೆ ಬಂತು. ಅವತ್ತಿನಿಂದ ಅಳುತ್ತಿತ್ತು.

ನಮ್ಮೂರಲ್ಲಿ ಬಾಳಿಕೆ ಮುಗಿಯುವ ಮೊದಲೇ ಕೈಬಿಟ್ಟ ವಸ್ತು ಅಳುತ್ತದೆ. ಮೋಟು ಪೊರಕೆ ಅಳುವುದಿಲ್ಲ. ಅರ್ಧ ಸವೆದ ಪೊರಕೆ ಬಿಸಾಡಿ ನೋಡಿ, ಗೊತ್ತಾಗುತ್ತದೆ. ಪರವೂರಿನವರು ಬಸ್ಸಿನ ಕಿಟಕಿಯಿಂದ ನೀರಿನ ಬಾಟಲಿ ಎಸೆದರೆ, ಯಾರಾದರೂ ಪುಣ್ಯಾತ್ಮರು ಎತ್ತಿಕೊಂಡು ಹೋಗಿ ಸೀಮೆಎಣ್ಣೆ ತುಂಬಿಡುವವರೆಗೂ ಅದು ಚರಂಡಿಯಲ್ಲಿ ಬಿಕ್ಕುತ್ತ ಬಿದ್ದಿರುತ್ತದೆ. ಹೂತರೆ ನೆಲದೊಳಗಿಂದ ಕೇಳುತ್ತದೆ. ಸುಡುವ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಹಿಂದೆ ಒಬ್ಬ ಸುಟ್ಟ, ಅವನ ಮನೆಯವರೆಲ್ಲ ಊರು ಬಿಟ್ಟರು, ಅಷ್ಟು ಹೇಳಿದರೆ ಸಾಕು. ಹಾಗಾಗಿ ಏನೇ ಹೊಸದು ಕೊಳ್ಳಲಿ, ಮಾಡಿಸಲಿ, ಹಿರಿಯರು ಮೊದಲು ಕೇಳುವ ಮಾತು, "ಆಮೇಲೆ ಯಾರ ಮನೆಗೆ?" ಉತ್ತರ ಸಿಗದಿದ್ದರೆ ಮಾಡಿದವನ ಮನೆಗೆ. ಇದು ಪದ್ಧತಿ.

ನಮ್ಮನೆಯವರು ಪ್ರದರ್ಶನಕ್ಕೆ ಮಳಿಗೆ ಕಟ್ಟುವವರು. ಇನ್ನು ನನ್ನ ಮನೆ ಹೇಗಿತ್ತು ಅಂತ ನೀವೇ ಅಂದಾಜು ಮಾಡಿಕೊಳ್ಳಿ.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮೂರಲ್ಲಿ ವಸ್ತುಪ್ರದರ್ಶನ. ಪಂಪ್‌ಸೆಟ್ಟು, ಮಿಕ್ಸಿ, ಬಣ್ಣ, ಹೆಂಚು, ಎಣ್ಣೆ, ಎಲ್ಲ ಕಂಪನಿಯವರೂ ಬರುತ್ತಾರೆ. ಒಬ್ಬರಿಗಿಂತ ಒಬ್ಬರದು ದೊಡ್ಡದಾಗಬೇಕು. ಮಿಕ್ಸಿಯವರಿಗೆ ಮಾಳಿಗೆ ಎತ್ತರದ ಮಿಕ್ಸಿ, ಎಣ್ಣೆಯವರಿಗೆ ಪ್ಲೈವುಡ್ಡಿನ ಬಾಟಲಿ, ಎಲ್ಲರಿಗೂ ಮೊಳಗಟ್ಟಲೆ ಫ್ಲೆಕ್ಸು, ನಡೆಯುವುದಕ್ಕೆ ಹಸಿರು ಕಾರ್ಪೆಟ್ಟು. ಮುಗಿದ ಮೇಲೆ ಅವರು ಮಾರುವ ಸಾಮಾನು ಮಾತ್ರ ಜೋಪಾನವಾಗಿ ಡಬ್ಬಕ್ಕೆ ತುಂಬಿಕೊಂಡು ಹೋಗುತ್ತಾರೆ. ಉಳಿದದ್ದೆಲ್ಲ ವಾಮನ ಮೇಸ್ತ್ರಿಗೆ. ನಮ್ಮನೆಯವರ ಹೆಸರು ವಾಮನ. ಹೆಸರಿಗೆ ತಕ್ಕ ಹಾಗೆ ಆಳು ಗಿಡ್ಡ, ಆದರೆ ಕಟ್ಟುವುದೆಲ್ಲ ಆಕಾಶದೆತ್ತರ.

ಅಟ್ಟದ ಮೇಲೆ ಫ್ಲೆಕ್ಸಿನ ಸುರುಳಿಗಳು ಬಿಕ್ಕುತ್ತಿದ್ದವು. ಹಿತ್ತಿಲಲ್ಲಿ ಪ್ಲೈವುಡ್ಡು ನರಳುತ್ತಿತ್ತು. ಕಾರ್ಪೆಟ್ಟು ಅಳುವುದು ಕಡಿಮೆ, ಮೂಗು ಸೊರಸೊರ ಎಳೆಯುವುದು ಜಾಸ್ತಿ. ಬಚ್ಚಲ ಹಾದಿಗೆ ಅಡ್ಡಲಾಗಿ 'ಸುಸ್ವಾಗತ' ಅಂತ ಬರೆದ ಕಮಾನು ಒರಗಿತ್ತು, ಅದರ ಕೆಳಗೆ ಬಗ್ಗಿ ನಾನು ಸ್ನಾನಕ್ಕೆ ಹೋಗಬೇಕು. ಇವೆಲ್ಲದರ ಮೇಲೆ ಈ ಹಲ್ಲು. ಕೀಚ್ ಕೀಚ್ ಅಂತ ಶುರು ಮಾಡಿದರೆ ನನ್ನ ನಿಜವಾದ ಹಲ್ಲೆಲ್ಲ ಜುಂ ಅನ್ನುತ್ತಿತ್ತು. ಇಪ್ಪತ್ತು ವರ್ಷ ಇದರ ನಡುವೆಯೇ ಸಂಸಾರ ಮಾಡಿದೆ. ಕಿವಿಗೆ ಹತ್ತಿ ಇಟ್ಟುಕೊಂಡು ಒಗ್ಗರಣೆ ಹಾಕಿದೆ. ಬಂದವರ ಹತ್ತಿರ ಕಿರುಚಿ ಕಿರುಚಿ ಮಾತಾಡಿ ಸುಲೋಚನಮ್ಮ ಗಟ್ಟಿಬಾಯಿ ಅಂತ ಹೆಸರೂ ತೆಗೆದುಕೊಂಡೆ. ಹೇಗೋ ಆಗುತ್ತಿತ್ತು, ನನ್ನ ಮಗಳು ಬಸುರಿಯಾಗುವವರೆಗೆ.

ಮಂದಾಕಿನಿ ನಮಗೆ ಒಬ್ಬಳೇ ಮಗಳು. ಸೀಮಂತ ಮುಗಿದ ಮಾರನೆಯ ದಿನ ಗಂಡನ ಮನೆಯಿಂದ ಫೋನು ಮಾಡಿದಳು. "ಅಮ್ಮಾ, ಬೇಜಾರು ಮಾಡ್ಕೋಬೇಡ. ಬಾಣಂತನ ಇಲ್ಲೇ ಮಾಡ್ತಾರಂತೆ. ಅತ್ತೆ ಹೇಳಿದ್ರು."

"ಇಲ್ಲೇ ಅಂದ್ರೆ? ತವರು ಮನೆ ಹಾಳಾಗಿದೆಯೇನೇ?"

"ಹಾಳಾಗಿಲ್ಲ, ಅಳ್ತಿದೆ. ಆ ಮನೇಲಿ ಮಗು ಹ್ಯಾಗಮ್ಮ ಮಲಗುತ್ತೆ? ನಾನು ಮಲಗ್ತಿದ್ನಾ? ಪರೀಕ್ಷೆಗೆ ಓದೋಕೆ ನನ್ನ ಗೆಳತಿ ಶಾಂತಾ ಮನೆಗೆ ಹೋಗ್ತಿದ್ದೆ, ನೆನಪಿದೆಯಾ?"

ಚೊಚ್ಚಲ ಬಾಣಂತನ ಬೀಗಿತ್ತಿ ಮಾಡುವುದು ಅಂದರೇನು! ನಾನು ಸತ್ತಿದ್ದೇನೆಯೇ? ಅಂಟಿನುಂಡೆಗೆ ಗೋಂದು ತರಿಸಿಟ್ಟಿದ್ದೇನೆ, ಹಳೇ ಸೀರೆ ಮೆತ್ತಗೆ ಒಗೆದು ಮಡಚಿಟ್ಟಿದ್ದೇನೆ, ಮೂಲೆಯ ಕೋಣೆ ಸುಣ್ಣ ಹೊಡೆಸಿದ್ದೇನೆ. ಮಗಳ ತಲೆಗೆ ಎಣ್ಣೆ ಹಚ್ಚಿ ಹಂಡೆ ನೀರು ಹುಯ್ಯುವ ಯೋಗ ನನಗಿಲ್ಲವೇ? ಅಳು ಬಂತು. ಅತ್ತುಬಿಟ್ಟೆ. ನಾನು ಅತ್ತರೆ ಆ ಮನೆಯಲ್ಲಿ ಯಾರಿಗೆ ತಿಳಿಯಬೇಕು!

ಕೊನೆಗೆ ಅವಳು ಒಂದು ಮಾತಿಗೆ ಒಪ್ಪಿದಳು. "ಈ ಸಲದ ಪ್ರದರ್ಶನ ಮುಗಿದ ವಾರ ಬರ್ತೀನಿ. ಗೇಟಿನ ಹತ್ರ ನಿಂತು ಕೇಳ್ತೀನಿ. ಸದ್ದಿಲ್ಲ ಅಂದ್ರೆ ಒಳಗೆ, ಇದ್ರೆ ಅದೇ ಆಟೋದಲ್ಲಿ ವಾಪಸ್ಸು."

ಅದೇ ವಾರ ಗುರುಪಾದಪ್ಪನವರು ಮನೆಗೆ ಬಂದರು. ಪಂಪ್‌ಸೆಟ್ಟಿನ ಅಂಗಡಿಯವರು, ಪ್ರದರ್ಶನ ಸಮಿತಿಯ ಅಧ್ಯಕ್ಷರು. ಹಿಂದೆ ಒಬ್ಬಳು ಹುಡುಗಿ, ಕೈಮಗ್ಗದ ಸೀರೆ, ಹೆಗಲಿಗೆ ಸೆಣಬಿನ ಚೀಲ. "ಇವರು ಅನಘಾ ಅಂತ. ದೊಡ್ಡ ದೊಡ್ಡ ಕಡೆ ಪ್ರದರ್ಶನ ಮಾಡಿಸಿದಾರೆ. ಈ ವರ್ಷ ನಮ್ಮದು ಪರಿಸರಸ್ನೇಹಿ ಪ್ರದರ್ಶನ, ಮೇಸ್ತ್ರೀ. ಥರ್ಮೋಕೋಲ್ ಬಂದ್, ಫ್ಲೆಕ್ಸ್ ಬಂದ್" ಅಂದರು.

ನನಗೆ ಆ ಹುಡುಗಿಯ ಕಾಲಿಗೆ ಬೀಳೋಣ ಅನ್ನಿಸಿತು. ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ. ಅವಳು ತಿನ್ನುತ್ತ ಬಣ್ಣದ ಚಿತ್ರ ತೋರಿಸಿದಳು. ಬಿದಿರಿನ ಕಂಬ, ಚಾಪೆಯ ಗೋಡೆ, ಮಣ್ಣಿನ ದೀಪ, ಖಾದಿ ಬಟ್ಟೆಯ ಮೇಲೆ 'ಪರಿಸರ ಉಳಿಸಿ' ಅಂತ ಅಚ್ಚು, ಬಂದವರಿಗೆಲ್ಲ ಹೆಸರು ಬರೆಯುವುದಕ್ಕೆ ತೆಂಗಿನ ಚಿಪ್ಪಿನ ಬಿಲ್ಲೆ. ಬಲು ಚೆನ್ನಾಗಿತ್ತು. ನಮ್ಮನೆಯವರ ಕಣ್ಣು ಆಗಲೇ ಬಿದಿರಿನ ಮೇಲಿತ್ತು, ಬೆರಳು ತೊಡೆಯ ಮೇಲೆ ಗಂಟು ಹಾಕುತ್ತಿತ್ತು.

"ಎಲ್ಲಾ ಸರಿ ಕಣಮ್ಮ" ಅಂದೆ. "ಆಮೇಲೆ ಯಾರ ಮನೆಗೆ?"

"ಆಂಟಿ, ಇದೆಲ್ಲ ಮಣ್ಣಲ್ಲಿ ಕರಗಿಹೋಗುತ್ತೆ."

"ಎಷ್ಟು ದಿನಕ್ಕೆ?"

"ಬಟ್ಟೆ ಬೇಗ. ಬಿದಿರು ಸ್ವಲ್ಪ ಟೈಮ್ ತಗೊಳ್ಳುತ್ತೆ. ಕೆಲವು ವರ್ಷ."

"ಅಲ್ಲೀವರೆಗೂ ಅಳ್ತಿರುತ್ತಲ್ಲೇ ತಾಯಿ!"

ಅವಳು ಗುರುಪಾದಪ್ಪನವರ ಮುಖ ನೋಡಿದಳು. ಅವರು, "ಅದೆಲ್ಲಾ ಆಮೇಲೆ ನೋಡೋಣಮ್ಮಾ, ಮೊದಲು ಒಂದು ಮಾದರಿ ಮಾಡ್ಲಿ" ಅಂದರು. ಆಮೇಲೆ ನೋಡೋಣ! ಈ ಮಾತಿನ ಫಲವೇ ನನ್ನ ನಡುಮನೆಯಲ್ಲಿ ಹಲ್ಲಾಗಿ ಕೂತಿತ್ತು.

ನಮ್ಮನೆಯವರು ಊಟ ನಿದ್ರೆ ಬಿಟ್ಟು ಮಾದರಿ ಮಳಿಗೆ ಕಟ್ಟಿದರು. ಸುಳ್ಳು ಹೇಳಬಾರದು, ಅಂಥ ಚೆಂದದ ಕೆಲಸ ಅವರು ಎಂದೂ ಮಾಡಿರಲಿಲ್ಲ. ಬಿದಿರಿನ ತುದಿಗೆ ಹೂವಿನ ಕೆತ್ತನೆ, ಮೂಲೆಮೂಲೆಗೂ ಬಣ್ಣದ ಹುರಿಯ ಗಂಟು. ಸಮಿತಿಯವರು ಬಂದರು, ಬೆನ್ನು ತಟ್ಟಿದರು, ಫೋಟೋ ಹೊಡೆದುಕೊಂಡರು. "ಸರಿ, ಬಿಚ್ಚಿಬಿಡಿ. ಒಳಗೆ ಒಂದು ಕಡೆ ಹಾಕಿ" ಅಂದರು. ಬಿಚ್ಚಿ ಹಿತ್ತಿಲಿಗೆ ಹಾಕಿದ್ದೇ ತಡ, ಅಯ್ಯೋ ನಮ್ಮಪ್ಪಾ, ಆ ಬಿದಿರು ಕಿರುಚಿದ್ದೇ ಕಿರುಚಿದ್ದು. ಬೀದಿಯವರೆಲ್ಲ ಓಡಿ ಬಂದರು. ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡಿತು. ಇಪ್ಪತ್ತು ವರ್ಷದ ಸಾಮಾನೆಲ್ಲ ಒಂದು ಕ್ಷಣ ಅಳು ನಿಲ್ಲಿಸಿ ಇದನ್ನು ಕೇಳಿಸಿಕೊಂಡಂತಿತ್ತು.

"ಥರ್ಮೋಕೋಲೇ ವಾಸಿಯಾಗಿತ್ತಲ್ರೀ! ಯಾಕ್ರೀ ಇದು ಇಷ್ಟು ಅಳ್ತಿದೆ?" ಅಂತ ಕಿರುಚಿದೆ.

ನಮ್ಮನೆಯವರು ಬಿದಿರನ್ನು ಸವರುತ್ತ ಕೂತಿದ್ದರು. "ಹೊಸದಲ್ವೇನೇ, ಅದಕ್ಕೆ. ಇನ್ನೂ ಪೂರ್ತಿ ಆಯಸ್ಸು ಬಾಕಿ ಇದೆ."

ಅನಘಾ ಗೇಟಿನ ಹತ್ತಿರ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಹಲ್ಲಿನ ಪಕ್ಕ ಕೂರಿಸಿದೆ. "ಇಲ್ಲಿ ಸಾಯಂಕಾಲದವರೆಗೆ ಕೂತಿರು. ಆಮೇಲೆ ಪರಿಸರದ ಮಾತು ಆಡೋಣ" ಅಂದೆ. ಪಾಪ, ಕೂತಳು. ಎರಡು ಸಲ ಕಣ್ಣು ಒರೆಸಿಕೊಂಡಳು. ದೀಪ ಹಚ್ಚುವ ಹೊತ್ತಿಗೆ ಅವಳೇ ಹೇಳಿದಳು, "ಆಂಟಿ, ಹೊಸದು ಏನೂ ಮಾಡಬಾರದು."

"ಇಷ್ಟು ಹೊತ್ತು ನಾನೇನು ತಮಟೆ ಬಾರಿಸ್ತಿದ್ನಾ?"

ಮಾರನೆಯ ದಿನ ಸಮಿತಿಯ ಸಭೆಗೆ ನಾನೇ ಹೋದೆ. ಹೆಂಗಸರು ಹೋಗುವ ಸಭೆಯಲ್ಲ ಅದು. ಹೋಗಿ ಮುಂದಿನ ಕುರ್ಚಿಯಲ್ಲಿ ಕೂತೆ. "ಈ ಸಲ ಒಂದು ಮೊಳೆ ಕೂಡ ಹೊಸದು ಬೇಡ. ಗೋಡೆ ಬೇಕಾ, ಮನೆ ಬಾಗಿಲು ಬಿಚ್ಚಿ ತನ್ನಿ. ಮೇಜು ಬೇಕಾ, ಮಂಚ ತನ್ನಿ. ಪರದೆಗೆ ಸೀರೆ, ಕೆಳಗೆ ಜಮಖಾನ. ಮುಗಿದ ಮೇಲೆ ಅವರವರದ್ದು ಅವರವರ ಮನೆಗೆ" ಅಂದೆ.

ಗುರುಪಾದಪ್ಪನವರು ಹಣೆ ಚಚ್ಚಿಕೊಂಡರು. "ಏನಮ್ಮಾ ನೀವು! ಯಾರದೋ ಮನೆ ಬಾಗಿಲು ನಿಲ್ಲಿಸ್ಕೊಂಡು ಕಂಪನಿಯವರು ಮಿಕ್ಸಿ ಮಾರ್ತಾರಾ? ಜನ ನಗಲ್ವಾ?"

"ನಿಮ್ಮ ಮಗಳ ಮದುವೇಲಿ ಸಾರು ಕುದ್ದಿದ್ದು ಯಾರ ಮನೆ ಕೊಳಗದಲ್ಲಿ ಸ್ವಾಮಿ? ತಳದಲ್ಲಿ ನಮ್ಮ ಮಾವನವರ ಹೆಸರಿತ್ತು. ಉಂಡವರು ಯಾರಾದ್ರೂ ನಕ್ಕರಾ?"

ಅನಘಾ ಎದ್ದು ನಿಂತಳು. ಬಾಗಿಲಿಗೆ ಮೊಳೆ ಹೊಡೆಯದೆ ಹುರಿಯಲ್ಲೇ ಹೇಗೆ ಕಟ್ಟಿ ನಿಲ್ಲಿಸಬಹುದು, ಮಂಚದ ಅಳತೆಗೆ ಸರಿಯಾಗಿ ಮಳಿಗೆ ಹೇಗೆ ಹಾಕಬಹುದು ಅಂತ ಬಿಡಿಸಿ ಹೇಳಿದಳು. ಹುಡುಗಿಗೆ ಕೆಲಸ ಗೊತ್ತಿತ್ತು, ಆ ಮಾತು ಒಪ್ಪಬೇಕು. ನಾನು ಇನ್ನೊಂದು ಷರತ್ತು ಸೇರಿಸಿದೆ. ಮಳಿಗೆ ಬೇಕಾದವರು ನನ್ನ ಮನೆಯಿಂದ ಒಂದು ಅಳುವ ವಸ್ತು ತೆಗೆದುಕೊಂಡು ಹೋಗಬೇಕು, ನಿಜವಾಗಿ ಉಪಯೋಗಿಸಬೇಕು. "ಇಲ್ಲಾಂದ್ರೆ ವಾಮನ ಮೇಸ್ತ್ರಿ ಈ ಸಲ ಹಗ್ಗ ಮುಟ್ಟಲ್ಲ" ಅಂತ ನಮ್ಮನೆಯವರ ಪರವಾಗಿ ನಾನೇ ಹೇಳಿಬಿಟ್ಟೆ. ಅವರು ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದರು.

ಆಹಾ, ಆ ವಾರದ ಸಂಭ್ರಮ! ದಿನಾ ಗಾಡಿ ಬರುವುದು, ದಿನಾ ಒಂದು ಅಳು ಕಡಿಮೆಯಾಗುವುದು. ಪ್ಲೈವುಡ್ಡಿನ ಬಾಟಲಿಯನ್ನು ಎಣ್ಣೆ ಗಾಣದವರು ಒಯ್ದು ಅಂಗಡಿಗೆ ಹಲಗೆ ಹೊಡೆಸಿಕೊಂಡರು. ಕಾರ್ಪೆಟ್ಟು ಡೈರಿಯವರ ಕರುಗಳ ಕಾಲ ಕೆಳಗೆ ಹೋಯಿತು. ಫ್ಲೆಕ್ಸನ್ನು ಹೆಂಚಿನವರು ಹಸಿ ಹೆಂಚಿನ ಮೇಲೆ ಹೊದಿಸಿದರು. 'ಸುಸ್ವಾಗತ' ಕಲ್ಯಾಣ ಮಂಟಪಕ್ಕೆ ಹೋಯಿತು. ಅವತ್ತು ಬೆನ್ನು ನೆಟ್ಟಗೆ ಮಾಡಿಕೊಂಡು ಸ್ನಾನಕ್ಕೆ ಹೋದೆ. ಬಿದಿರನ್ನು ಹಿತ್ತಿಲಲ್ಲಿ ಅವರೆ ಬಳ್ಳಿಗೆ ಚಪ್ಪರ ಮಾಡಿದೆವು, ನೆಲದಲ್ಲಿ ಹರಡಿದ್ದ ಬಳ್ಳಿಯನ್ನು ಎತ್ತಿ ಹಬ್ಬಿಸಿದ ಕೂಡಲೇ ಬಾಯಿ ಮುಚ್ಚಿತು. 'ಪರಿಸರ ಉಳಿಸಿ' ಬಟ್ಟೆಯನ್ನು ಅನಘಾ ತಾನೇ ಕತ್ತರಿಸಿ ಅಂಚು ಹೊಲಿದು, ಕೂಸಿಗೆ ಒಳಬಟ್ಟೆ ಆಗುತ್ತದೆ ಅಂತ ನನ್ನ ಕೈಗಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ.

ಹಲ್ಲನ್ನು ಮಾತ್ರ ಯಾರೂ ಕೇಳಲಿಲ್ಲ. ಬಂದವರೆಲ್ಲ ನೋಡಿದರು, ಸುತ್ತು ಹಾಕಿದರು, "ಇದನ್ನೇನು ಮಾಡೋದಮ್ಮಾ" ಅಂತ ಬೇರೇನೋ ಎತ್ತಿಕೊಂಡರು. ಹಲ್ಲುಪುಡಿ ಕಂಪನಿಯವರು ಈ ವರ್ಷ ಬರಲೇ ಇಲ್ಲ.

ಪ್ರದರ್ಶನದ ಮೂರು ದಿನ ಊರಿನ ಅರ್ಧ ಮನೆಗೆ ಬಾಗಿಲಿರಲಿಲ್ಲ. ಹಸುಗಳು ಅಡುಗೆಮನೆಗೆ ನುಗ್ಗಿದವು. ಗುರುಪಾದಪ್ಪನವರು ಮಂಚ ಕೊಟ್ಟು ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡರು, ಅದಕ್ಕೂ ನನ್ನನ್ನೇ ಬೈದರು. ಆದರೆ ಜನ ಬಂದರು ನೋಡಿ, ಹಿಂದೆಂದೂ ಬಂದಿರಲಿಲ್ಲ ಹಾಗೆ. ಮಿಕ್ಸಿ ನೋಡುವುದಕ್ಕಲ್ಲ, ತಮ್ಮ ಬಾಗಿಲು ಎಲ್ಲಿ ನಿಂತಿದೆ ಅಂತ ಹುಡುಕುವುದಕ್ಕೆ. "ಏ, ನಮ್ದು ಇಲ್ಲಿದೆ ಕಣೇ! ಪಂಪಿನವರ ಹತ್ರ!" ಅಂತ ಕೂಗುವರು, ಬಾಗಿಲಿಗೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುವರು. ಮುಗಿದ ದಿನ ಸಂಜೆ ಹುರಿ ಬಿಚ್ಚಿದೆವು. ಬಯಲಿನಲ್ಲಿ ಒಂದು ಕುಯ್ ಅನ್ನುವ ಸದ್ದಿಲ್ಲ. ನಮ್ಮನೆಯವರು ಅಲ್ಲೇ ಮಧ್ಯದಲ್ಲಿ ನಿಂತು ಮೂಗು ಒರೆಸಿಕೊಂಡರು. ಬೈಯೋಣ ಅಂತ ಬಾಯಿ ತೆರೆದವಳು ಸುಮ್ಮನಾದೆ.

ಸುಮ್ಮನಾಗಿದ್ದು ತಪ್ಪಾಯಿತು. ಮನೆಗೆ ಬಂದು ನೋಡುತ್ತೇನೆ, ಮೂಲೆ ಕೋಣೆಯ ಕಿಟಕಿಗೆ ಕದವಿಲ್ಲ! ಬಾಣಂತಿಗೆಂದು ನಾನು ಸುಣ್ಣ ಹೊಡೆಸಿದ ಕೋಣೆ. ಗೋಡೆಗೆ ಬರೀ ದೊಡ್ಡ ತೂತು, ಗಾಳಿ ರೊಯ್ಯನೆ ನುಗ್ಗುತ್ತಿದೆ.

"ಹೆಂಚಿನವರ ಮಳಿಗೆಗೆ ಒಂದು ಕಡಿಮೆ ಬಿತ್ತು ಕಣೆ. ಕೊಟ್ಟಿದ್ದೆ" ಅಂದರು ನಮ್ಮನೆಯವರು.

"ನನ್ನ ಕೇಳದೆ?"

"ನೀನೇ ಸಭೇಲಿ ಹೇಳಿದ್ಯಲ್ಲ, ಕೊಡಿ ಅಂತ."

ಕದಗಳ ಮೇಲೆ ಹೆಸರು ಬರೆದದ್ದು ಸುಣ್ಣದ ಕಡ್ಡಿಯಲ್ಲಿ. ಜನ ಒರಗಿ ಒರಗಿ ಎಲ್ಲ ಅಳಿಸಿಹೋಗಿತ್ತು. ಮದುವೆ ಪಾತ್ರೆಯ ಹಾಗೆ ತಳದಲ್ಲಿ ಕೆತ್ತಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅಷ್ಟು ಮದುವೆ ಮಾಡಿದ ಊರು! ನಮಗೆ ಬಂದದ್ದು ಯಾರದೋ ಗೂಡಿನ ಕದ, ನಮ್ಮ ಕಿಟಕಿಗೆ ಇಟ್ಟರೆ ಅರ್ಧಕ್ಕೂ ಬಾರದು. ಎರಡು ದಿನ ಮನೆಮನೆ ಅಲೆದೆ, ನಮ್ಮದು ಸಿಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಗಳು ಬರುವವಳು. ಮನೆಯಲ್ಲಿ ಹಲ್ಲು ಅಳುತ್ತಲೇ ಇದೆ.

ಏನೇನು ಮಾಡಲಿಲ್ಲ ಅದಕ್ಕೆ! ನಮ್ಮನೆಯವರು ಅಂಗಿ ತೂಗುಹಾಕಿದರು. ನಾನು ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟೆ. ಕೊನೆಗೆ ಅದರ ಮೇಲೆ ಇವರು ಹತ್ತಿ ಕೂತು ಪೇಪರು ಓದಿದರು. ಹಲ್ಲು ಇನ್ನೂ ಜೋರಾಗಿ ಅತ್ತಿತು. ನಾಟಕದ ಉಪಯೋಗ ವಸ್ತುಗಳಿಗೆ ಗೊತ್ತಾಗುತ್ತದೆ, ಅವಕ್ಕೆ ಮೋಸ ಮಾಡಲಾಗುವುದಿಲ್ಲ.

ಗೇಟಿನಲ್ಲಿ ಆಟೋ ನಿಂತಿತು. ಮಂದಾಕಿನಿ ಇಳಿದಳು. ಹೊಟ್ಟೆ ಮುಂದೆ, ಒಂದು ಕೈ ಸೊಂಟದ ಮೇಲೆ. ಮುಖ ಬಾಡಿತ್ತು. ಅಲ್ಲೇ ನಿಂತು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಮನೆಯೊಳಗಿಂದ ಕೀಚ್, ಕೀಚ್.

"ಅಮ್ಮಾ, ಅದು ಹಲ್ಲಲ್ವಾ?"

"ಅದೊಂದೇ ಕಣೇ! ಬೇರೆ ಎಲ್ಲಾ ಹೋಯ್ತು. ಬಾ, ನೋಡು ಬಾ, ಬಚ್ಚಲಿಗೆ ಬಗ್ಗದೆ ಹೋಗಬಹುದು ಈಗ."

"ಅದೊಂದೇ ಸಾಕಲ್ಲಮ್ಮ" ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಸುಸ್ತಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು. ಆಟೋದವನಿಗೆ ನಿಲ್ಲು ಅಂತ ಕೈ ಮಾಡಿದಳು. "ಐದು ನಿಮಿಷ ಮಲಗಿ ಹೋಗ್ತೀನಿ. ಬೆನ್ನು ನೋಯ್ತಿದೆ."

ಒಳಗೆ ಬಂದು ಮೂಲೆ ಕೋಣೆಯಲ್ಲಿ ನಾನು ಹಾಸಿಟ್ಟ ಹಾಸಿಗೆಯ ಮೇಲೆ ಅಡ್ಡಾದಳು. ಕದವಿಲ್ಲದ ಕಿಟಕಿಯಿಂದ ಗಾಳಿ ಸುಯ್ ಅಂತ ನೇರ ಅವಳ ಮೇಲೆಯೇ ಬೀಸಿತು. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಮುದುಡಿಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು. ಕಂಪನಿಯವರ ಮೇಲೆ, ಸಮಿತಿಯ ಮೇಲೆ, ಕದ ಕೊಟ್ಟ ಈ ಮಹಾರಾಯರ ಮೇಲೆ, ಸುಣ್ಣದ ಕಡ್ಡಿಯ ಮೇಲೆ. ಹೊದಿಕೆ ತರೋಣ ಅಂತ ನಡುಮನೆಗೆ ಬಂದರೆ ಹಲ್ಲು ಎದುರಿಗೇ ನಿಂತು ರಾಗ ಎಳೆಯುತ್ತಿದೆ.

"ನಿನ್ನ ಮನೆ ಹಾಳಾಗ! ನನ್ನ ಮಗಳಿಗೆ ಗಾಳಿ ತಾಗ್ತಿದೆ, ನಿಂದೇನೋ ಗೋಳು!" ಅಂದವಳೇ ಅದನ್ನು ತಬ್ಬಿ ಎತ್ತಿದೆ. ಹೂವಿನಷ್ಟು ಹಗುರ, ಥರ್ಮೋಕೋಲು ತಾನೇ. ಕೋಣೆಗೆ ಹೊತ್ತುಕೊಂಡು ಹೋಗಿ ಕಿಟಕಿಯ ತೂತಿಗೆ ಬೇರು ಮುಂದಾಗಿ ತುರುಕಿದೆ, ಮೊಣಕೈಯಲ್ಲಿ ಒತ್ತಿದೆ. ಕರ್‌ರ್ ಅಂತ ಒಳಗೆ ಜಾರಿ ಬಿಗಿಯಾಗಿ ಕೂತಿತು. ಬೆರಳು ತೂರುವಷ್ಟೂ ಸಂದು ಉಳಿಯಲಿಲ್ಲ.

ಗಾಳಿ ನಿಂತಿತು. ಹಲ್ಲೂ ನಿಂತಿತು.

ನಾನು ಕಿಟಕಿಗೆ ಕೈ ಒತ್ತಿಕೊಂಡೇ ನಿಂತಿದ್ದೆ. ತೆಗೆದರೆ ಮತ್ತೆ ಶುರುವಾದೀತು ಅಂತ ಭಯ. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ನಮ್ಮ ಗಡಿಯಾರಕ್ಕೆ ಸದ್ದಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ನಮ್ಮನೆಯವರು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಮಂದಾಕಿನಿ ಗೋಡೆಯ ಕಡೆ ತಿರುಗಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದಳು. ಹೊರಗೆ ಆಟೋದವನು ಹಾರನ್ನು ಹೊಡೆದ. ನಮ್ಮನೆಯವರು ಚಪ್ಪಲಿಯೂ ಇಲ್ಲದೆ ಓಡಿಹೋಗಿ ಅವನನ್ನು ಕಳಿಸಿ ಬಂದರು.

ಎದ್ದ ಮೇಲೆ ಅವಳು ಕಿಟಕಿ ನೋಡಿ ಎಷ್ಟು ನಕ್ಕಳೆಂದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾಪಸ್ಸು ಹೋಗುವ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಹುಳಿಗೆ ಬೇಳೆ ಹಾಕಿದೆ.

ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನಾನೇ ಎಣ್ಣೆ ಹಚ್ಚಿದೆ, ನಾನೇ ನೀರು ಹುಯ್ದೆ, ಸಾಂಬ್ರಾಣಿ ಹೊಗೆ ಹಿಡಿದು ಬಾಣಂತಿಯನ್ನು ಬೆಚ್ಚಗೆ ಮಲಗಿಸಿದೆ. ಬೀಗಿತ್ತಿ ನೋಡಲು ಬಂದವರು ಕಿಟಕಿಯಲ್ಲಿ ಹಲ್ಲು, ಕೂಸಿನ ಸೊಂಟದಲ್ಲಿ 'ಪರಿಸರ ಉಳಿಸಿ' ಎರಡನ್ನೂ ಕಂಡು ಏನನ್ನೋ ಕೇಳಲು ಹೋಗಿ ಕೇಳದೆ ಬಿಟ್ಟರು. ನಮ್ಮ ಕಿಟಕಿಯ ಕದ ಗಾಣದವರ ಮನೆಯಲ್ಲಿದೆಯಂತೆ, ಆಮೇಲೆ ತಿಳಿಯಿತು. ಇರಲಿ ಬಿಡಿ ಅಂದೆ.

ಕೂಸು ಮನೆಗೆ ಬಂದ ದಿನ ಊಟವಾದ ಮೇಲೆ ಎಲ್ಲರೂ ಒಂದೊಂದು ಕಡೆ ಒರಗಿದ್ದೆವು. ಇಪ್ಪತ್ತು ವರ್ಷವಾದ ಮೇಲೆ ಈಗೀಗ ನನ್ನ ಕಿವಿಯಲ್ಲಿ ಹತ್ತಿಯಿಲ್ಲದ ಮಧ್ಯಾಹ್ನದ ನಿದ್ದೆ. ಇದ್ದಕ್ಕಿದ್ದಂತೆ ಮೂಲೆ ಕೋಣೆಯಿಂದ ಒಂದು ಕಿರುಚು, ಮನೆ ಹಾರಿಹೋಗುವಂಥದ್ದು. ನಮ್ಮನೆಯವರು ದಡಬಡಿಸಿ ಎದ್ದು ಕೂತರು. ಪಂಚೆ ಒಂದು ಕಡೆ, ಇವರು ಒಂದು ಕಡೆ.

"ಏನೇ ಅದು? ಏನು ಉಳಿದುಹೋಯ್ತು? ಎಲ್ಲಾ ಕೊಟ್ಟಾಯ್ತಲ್ಲ!" ಅಂತ ಅಟ್ಟದ ಕಡೆ ನೋಡಿದರು, ಹಿತ್ತಿಲ ಕಡೆ ನೋಡಿದರು. "ಯಾಕೆ ಇಷ್ಟು ಜೋರಾಗಿ ಅಳ್ತಿದೆ?"

"ಹೊಸದಲ್ವೇನ್ರೀ, ಅದಕ್ಕೆ" ಅಂದೆ. ಎದ್ದು ಹೋಗಿ ಕೂಸನ್ನು ಎತ್ತಿಕೊಂಡೆ.